ಕಾರಿನಲ್ಲಿ ಹಿಡಿಸುವ ರಂಗಸ್ಥಳ: ಲಾರ್ಪ್ ಆಟದ ನಡುವೆ ನಾಟಕ ಆಡಿಸಿದ ಲಾಗ್

ಬೇಕಾಗಿದ್ದು ಇಷ್ಟು. ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಹಿಡಿಸುವ ರಂಗಸ್ಥಳ. ಅದನ್ನು ಇಬ್ಬರೇ ಅರ್ಧ ಗಂಟೆಯಲ್ಲಿ ನಿಲ್ಲಿಸುವಂತಿರಬೇಕು. ಬಯಲಿನ ಗಾಳಿಗೆ ಬೀಳಬಾರದು. ಕತ್ತಲಲ್ಲಿ ಕತ್ತಿ ಹಿಡಿದು ಓಡುವವರು ಅದರ ಹಗ್ಗಕ್ಕೆ ಎಡವಬಾರದು. ಇನ್ನು ನಾಟಕಕ್ಕೆ ಬಾಯಿಪಾಠದ ಮಾತು ಬೇಡ. ಬೆಳಗ್ಗೆ ಬಯಲಿನಲ್ಲಿ ನಡೆದದ್ದು ರಾತ್ರಿ ರಂಗದ ಮೇಲೆ ಬರಬೇಕು.

ಕತ್ತಿ ಅಂದ ಕೂಡಲೇ ಹೆದರಬೇಡಿ, ಫೋಮಿನ ಕತ್ತಿ. ಲಾರ್ಪ್ ಅಂದರೆ ವೇಷ ಹಾಕಿಕೊಂಡು ನಿಜವಾದ ಜಾಗದಲ್ಲಿ ಆಡುವ ಪಾತ್ರಗಳ ಆಟ. ಜನ ಹೊಲದಲ್ಲಿ ಡೇರೆ ಹಾಕುತ್ತಾರೆ. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಬೇರೆ ಯಾರೋ ಆಗಿ ಬದುಕುತ್ತಾರೆ. ಒಬ್ಬ ಸೇನಾಪತಿ, ಒಬ್ಬಳು ವೈದ್ಯೆ, ಮತ್ತೊಬ್ಬ ಸಾಲಗಾರ. ನಿಯಮ ನೋಡಿಕೊಳ್ಳಲು ರೆಫರಿಗಳಿರುತ್ತಾರೆ. ನೋಡುವವರು ಅಂತ ಬೇರೆ ಯಾರೂ ಇರುವುದಿಲ್ಲ, ಎಲ್ಲರೂ ಆಡುವವರೇ. ನಾವಿರುವ ಇಂಗ್ಲೆಂಡಿನಲ್ಲಿ ಇದು ಹೊಸದಲ್ಲ. 1982ರಲ್ಲೇ ಚೆಷೈರ್‌ನ ಪೆಕ್‌ಫರ್ಟನ್ ಕೋಟೆಯಲ್ಲಿ ಟ್ರೆಷರ್ ಟ್ರ್ಯಾಪ್ ಅನ್ನುವ ಆಟ ನಡೆಯುತ್ತಿತ್ತು. ನಾವು ಹೋಗುವುದು ಅಷ್ಟು ಹೆಸರುವಾಸಿಯಾದ ಕಡೆಗಲ್ಲ. ನೂರೈವತ್ತು ಜನ ಸೇರುವ ಒಂದು ಸಣ್ಣ ಆಟಕ್ಕೆ. ಒಬ್ಬಳು ಡಚೆಸ್ ಆಳುವ ಕಲ್ಪನೆಯ ನಾಡು ಅದು.

ಅಲ್ಲಿ ನಮ್ಮ ಗುಂಪಿನದು ಅಲೆಮಾರಿ ನಾಟಕದವರ ಪಾತ್ರ. ಆರು ಜನ. ನಾನು ಕುಂದಾಪುರದ ಕಡೆಯವನು, ಉಳಿದ ಐದು ಜನ ಇಲ್ಲಿಯವರೇ. ನಾಟಕ ಇಂಗ್ಲಿಷಿನಲ್ಲಿ. ಹಾಡಿನ ಧಾಟಿ ಮಾತ್ರ ನನ್ನ ಊರಿನದು, ಅದನ್ನು ಯಾರೂ ಬೇಡ ಅನ್ನಲಿಲ್ಲ.

ಮರದ ಕೆಲಸ

ಇಲ್ಲಿನ ಮರದ ಅಂಗಡಿಗಳಲ್ಲಿ ಸಿಎಲ್‌ಎಸ್ ಅನ್ನುವ ಮರ ಸಲೀಸಾಗಿ ಸಿಗುತ್ತದೆ. 38×63 ಮಿ.ಮೀ. ದಪ್ಪ, 2.4 ಮೀಟರ್ ಉದ್ದ. ಅಂಚು ಮೊದಲೇ ದುಂಡಗೆ ಇರುವುದರಿಂದ ಕೈಗೆ ಸಿಬಿರು ಚುಚ್ಚುವುದು ಕಡಿಮೆ. ಎಂಟು ಉದ್ದ ತಂದು ಎಲ್ಲವನ್ನೂ ಸರಿ ಅರ್ಧಕ್ಕೆ ಕತ್ತರಿಸಿದೆವು. 1.2 ಮೀಟರಿನ ತುಂಡು ಕಾರಿನ ಹಿಂದಿನ ಸೀಟು ಮಡಚಿದರೆ ಆರಾಮಾಗಿ ಕೂರುತ್ತದೆ.

ಅರ್ಧ ಮಾಡಿದ ಕಂಬವನ್ನು ಬಯಲಿನಲ್ಲಿ ಮತ್ತೆ ಜೋಡಿಸಬೇಕಲ್ಲ? ಅದಕ್ಕೆ 12 ಮಿ.ಮೀ. ಪ್ಲೈವುಡ್ಡಿನ ಪಟ್ಟಿ ಕತ್ತರಿಸಿದೆವು. ಒಂದೊಂದು 40 ಸೆಂ.ಮೀ. ಉದ್ದ. ಕಂಬದ ಎರಡೂ ಪಕ್ಕ ಪಟ್ಟಿ ಇಟ್ಟು, ಕೀಲಿನ ಮೇಲೆ ಎರಡು, ಕೆಳಗೆ ಎರಡು ಎಂ8 (8 ಮಿ.ಮೀ. ದಪ್ಪದ) ಬೋಲ್ಟು. 80 ಮಿ.ಮೀ. ಉದ್ದದ ಬೋಲ್ಟು ಸರಿಯಾಗುತ್ತದೆ. ಸ್ಪ್ಯಾನರ್ ಬೇಡ, ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ ಸಾಕು. ತೂತುಗಳನ್ನು ಒಂದೇ ಪಟ್ಟಿಯನ್ನು ಅಳತೆಗೆ ಇಟ್ಟುಕೊಂಡು ಕೊರೆದರೆ ಯಾವ ಕಂಬಕ್ಕೆ ಯಾವ ಪಟ್ಟಿ ಬೇಕಾದರೂ ಕೂರುತ್ತದೆ. ಕತ್ತಲಲ್ಲಿ ಬಿಚ್ಚಿ, ಮಳೆಯಲ್ಲಿ ಕಟ್ಟುವಾಗ ಇದರ ಬೆಲೆ ಗೊತ್ತಾಗುತ್ತದೆ.

ಹೀಗೆ ನಾಲ್ಕು ಕಂಬ. ನಡುವೆ 1.2 ಮೀಟರಿನ ಮೂರು ಅಡ್ಡಪಟ್ಟಿ. ಒಟ್ಟು 3.6 ಮೀಟರ್ ಅಗಲ, 2.4 ಮೀಟರ್ ಎತ್ತರ. ಹಿಂದೆ ಎರಡು ಊರುಗೋಲು. ಅವು ಕಂಬದ 1.5 ಮೀಟರ್ ಎತ್ತರಕ್ಕೆ ಸೇರಿ, ಒಂದು ಮೀಟರ್ ಹಿಂದಕ್ಕೆ ನೆಲ ಮುಟ್ಟುತ್ತವೆ. ಬುಡಕ್ಕೆ ಕಬ್ಬಿಣದ ಗೂಟ, ಬುಡದ ಮೇಲೆ ಭಾರಕ್ಕೆ 25 ಲೀಟರಿನ ನೀರಿನ ಕ್ಯಾನು. ಮುಂದೆ ಒಂದೇ ಒಂದು ಹಗ್ಗ ಇಲ್ಲ. ಡೇರೆಯ ಹಗ್ಗಕ್ಕೆ ಎಡವಿ ಮುಖ ಕೆಡಿಸಿಕೊಂಡವರನ್ನು ಪ್ರತಿ ಆಟದಲ್ಲೂ ನೋಡುತ್ತೇವೆ. ನಮ್ಮ ರಂಗದ ಮುಂದೆ ಅದು ಆಗಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆವು.

ಅಟ್ಟ ಹಾಕಲಿಲ್ಲ. ಹುಲ್ಲೇ ನೆಲ. ಅಟ್ಟ ಹಾಕಿದರೆ ಯಾರಾದರೂ ಹತ್ತುತ್ತಾರೆ, ಹತ್ತು ಜನ ಹತ್ತಿದರೆ ಮುರಿಯುತ್ತದೆ.

ಬಟ್ಟೆ ಮತ್ತು ಗಾಳಿ

ಹಿಂದಿನ ಪರದೆಗೆ ಪೇಂಟಿಂಗ್ ಕೆಲಸದವರು ನೆಲಕ್ಕೆ ಹಾಸುವ ದಪ್ಪ ಹತ್ತಿ ಬಟ್ಟೆ ತಂದೆವು. ಅದು 12×9 ಅಡಿಯದ್ದು ಸಿಗುತ್ತದೆ. ಮೀಟರಿನಲ್ಲಿ ಹೇಳಿದರೆ ಸುಮಾರು 3.6×2.7. ಎತ್ತರಕ್ಕೆ 1.9 ಮೀಟರ್ ಸಾಕು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಲೇಬೇಕು. ಈ ಅಳತೆಯ ಬಟ್ಟೆ ಎಂದರೆ ಏಳು ಚದರ ಮೀಟರಿಗೆ ಸ್ವಲ್ಪ ಕಡಿಮೆ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ, ಅಂದರೆ ಗಂಟೆಗೆ 36 ಕಿ.ಮೀ., ನೇರ ಬಡಿದರೆ ಸುಮಾರು 50 ಕೆ.ಜಿ.ಯಷ್ಟು ಒತ್ತುತ್ತದೆ. ಗಾಳಿ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಬೋಲ್ಟು ಎಷ್ಟೇ ಬಿಗಿ ಮಾಡಿ, ಮರ ಎಷ್ಟೇ ದಪ್ಪ ತನ್ನಿ, ಬಟ್ಟೆ ಹಾಯಿಯ ಹಾಗೆ ನಿಂತಿರುವವರೆಗೆ ಗೆಲ್ಲುವುದು ಗಾಳಿಯೇ.

ಹಾಗಾಗಿ ಬಟ್ಟೆಯನ್ನೇ ಸೋಲುವಂತೆ ಮಾಡಿದೆವು. ಒಂದೇ ಪರದೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ ನೇತುಹಾಕಿದೆವು. ಎರಡು ಸೀಳುಗಳಿಂದ ಗಾಳಿ ನುಗ್ಗುತ್ತದೆ. ಪಾತ್ರಗಳೂ ಅಲ್ಲಿಂದಲೇ ಬಂದು ಹೋಗುತ್ತವೆ, ಬೇರೆ ಬಾಗಿಲು ಬೇಡವಾಯಿತು. ಮೇಲ್ಗಡೆ ಗಟ್ಟಿ ಲಾಡಿ. ಕೆಳಗಡೆ ಬರೀ ಹೊಲಿಗೆ ದಾರ. ಜೋರು ಗಾಳಿ ಬಂದರೆ ದಾರ ಕಿತ್ತು ಬಟ್ಟೆ ಹಾರಾಡುತ್ತದೆ, ಚೌಕಟ್ಟು ನಿಂತಿರುತ್ತದೆ. ದಾರ ಕಿತ್ತಿತು ಅಂದರೆ ನಮಗೂ ಸೂಚನೆ: ಪರದೆ ಇಳಿಸಿ, ಬೇಕಾದರೆ ಪರದೆ ಇಲ್ಲದೆ ಆಡಿ.

ಬಟ್ಟೆಗೆ ಬೆಂಕಿ ಬೇಗ ಹಿಡಿಯದಂತೆ ಮಾಡುವ ದ್ರಾವಣ ಸಿಂಪಡಿಸಿದೆವು. ಬಯಲಲ್ಲಿ ಅಲ್ಲಲ್ಲಿ ಬೆಂಕಿ ಹಾಕಿರುತ್ತಾರೆ. ಮಳೆಯಲ್ಲಿ ನೆಂದರೆ ಇದು ತೊಳೆದು ಹೋಗಬಹುದು, ಆಗ ಮತ್ತೆ ಸಿಂಪಡಿಸಬೇಕು. ಸಣ್ಣ ತುಂಡಿಗೆ ಕಡ್ಡಿ ಗೀರಿ ನೋಡುವುದು ಒಳ್ಳೆಯದು.

ಪರದೆ ಕತ್ತರಿಸಿ ಉಳಿದ ಬಟ್ಟೆಯಿಂದ ಅತಿ ಉಪಯೋಗದ ಸಾಮಾನು ಸಿಕ್ಕಿತು. ಎರಡು ತುಂಡು ಸೇರಿಸಿ ಹೊಲಿದು, ಕೆಂಪು ಬಣ್ಣ ಹಾಕಿ, 1.8 ಮೀಟರ್ ಅಗಲದ ತೆರೆ ಮಾಡಿದೆವು. ಯಕ್ಷಗಾನದಲ್ಲಿ ಇಬ್ಬರು ಹಿಡಿಯುವ ತೆರೆಯೇ ಇದು. ಗುಂಪಿನವರು ಮೊದಲು ರಾಟೆ, ಹಗ್ಗ, ಸರಿಯುವ ಪರದೆ ಅಂತ ಚಿತ್ರ ಬರೆದಿದ್ದರು. ಯಾಕೆ ಅಷ್ಟೆಲ್ಲ? ಇಬ್ಬರು ಬಂದು ತೆರೆ ಹಿಡಿಯುತ್ತಾರೆ. ಹಿಂದಿನಿಂದ ಮೊದಲು ಕಾಲು ಕಾಣುತ್ತದೆ, ಆಮೇಲೆ ಟೋಪಿಯ ತುದಿ, ಆಮೇಲೆ ಒಂದು ಕೈ. ಜನ ಕೂಗಲು ಶುರು ಮಾಡುತ್ತಾರೆ. ಅಷ್ಟರಲ್ಲಿ ತೆರೆಯ ಹಿಂದೆ ನಿಂತವರು ಮುಂದೇನು ಅಂತ ಪಿಸುಗುಟ್ಟಿಕೊಂಡಿರುತ್ತಾರೆ. ಮಾತು ಬರೆದಿಡದ ನಾಟಕಕ್ಕೆ ಆ ಅರ್ಧ ನಿಮಿಷ ಚಿನ್ನ. ಕೆಡುವ ಭಾಗ ಒಂದೂ ಇಲ್ಲ.

ಯಕ್ಷಗಾನದಿಂದ ತೆಗೆದುಕೊಂಡದ್ದು ಇಂಥ ಕೆಲಸದ ಉಪಾಯಗಳನ್ನು ಮಾತ್ರ. ಕಿರೀಟ, ಮುಖವರ್ಣಿಕೆ ಮುಟ್ಟಲಿಲ್ಲ. ಅದನ್ನು ಕಲಿತವರು ಮಾಡಿದರೇ ಚೆಂದ.

ಬೆಳಕು

10 ವಾಟಿನ ಎರಡು ಎಲ್‌ಇಡಿ, 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. ಕಾಗದದ ಲೆಕ್ಕಕ್ಕೆ ನಾಲ್ಕು ಗಂಟೆ ಉರಿಯುತ್ತದೆ. ಆದರೆ ಈ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಎರಡು ಗಂಟೆ ಅಂದುಕೊಳ್ಳಿ. ನಮ್ಮ ನಾಟಕ ನಲವತ್ತು ನಿಮಿಷ. ಬಲ್ಬನ್ನು ಮರದ ಲಾಟೀನಿನೊಳಗೆ ಅಡಗಿಸಿ, ಮುಂದೆ ಟ್ರೇಸಿಂಗ್ ಪೇಪರ್ ಅಂಟಿಸಿದೆವು. ಹಳದಿ ಬೆಳಕಿನದೇ ತನ್ನಿ. ಬಿಳಿ ಬೆಳಕು ಹಾಕಿದರೆ ಇಡೀ ನಾಡು ಪೆಟ್ರೋಲ್ ಬಂಕಿನಂತೆ ಕಾಣುತ್ತದೆ. ಲಾಟೀನನ್ನು ನೆಲದ ಮೇಲೆ ಇಟ್ಟರೆ ಮುಖವಾಡದ ಮೂಗಿನ ನೆರಳು ಹಣೆಗೆ ಬೀಳುತ್ತದೆ. ಪಕ್ಕದಲ್ಲಿ, ಎದೆಯ ಎತ್ತರಕ್ಕೆ ಇಟ್ಟರೆ ಸರಿ.

ಮುಖವಾಡ: ಯಾರು ಮಾತಾಡುತ್ತಿದ್ದಾರೆ?

ಲಾರ್ಪಿನೊಳಗೆ ನಾಟಕ ಆಡಿದರೆ ಒಂದು ವಿಚಿತ್ರ ತೊಡಕು ಬರುತ್ತದೆ. ನಾನು ಒಬ್ಬ ಮನುಷ್ಯ. ಆಟದಲ್ಲಿ ನಾನೊಬ್ಬ ಅಲೆಮಾರಿ ನಟ. ಆ ನಟ ರಂಗದ ಮೇಲೆ ಜಿಪುಣ ವ್ಯಾಪಾರಿ ಆಗುತ್ತಾನೆ. ವ್ಯಾಪಾರಿ "ಡಚೆಸ್ ಕಳ್ಳಿ" ಅಂದರೆ ಅದನ್ನು ಹೇಳಿದ್ದು ಯಾರು? ವ್ಯಾಪಾರಿಯೋ, ನಟನೋ, ನಾನೋ? ಡಚೆಸ್ ಎದುರಿಗೇ ಕೂತಿರುತ್ತಾಳೆ. ಅವಳ ಸೈನಿಕರೂ ಇರುತ್ತಾರೆ. ಮೊದಲ ಪ್ರಯೋಗಗಳನ್ನು ಬರಿ ಮುಖದಲ್ಲಿ ಆಡಿದೆವು. ರಂಗದಿಂದ ಇಳಿದ ಮೇಲೂ ಜನ ನನ್ನನ್ನು ಜಿಪುಣ ಅಂತಲೇ ಮಾತಾಡಿಸುತ್ತಿದ್ದರು. ತಮಾಷೆ ಹೌದು, ಆದರೆ ನಾಟಕದ ಬೈಗುಳಕ್ಕೆ ಆಟದಲ್ಲಿ ಜಗಳ ಬಂತು. ಆ ಜಗಳ ಬೇಕೋ ಬೇಡವೋ ಅಂತ ಯಾರಿಗೂ ಗೊತ್ತಿರಲಿಲ್ಲ.

ಮುಖವಾಡ ಬಂದ ಮೇಲೆ ಇದು ಸರಿಹೋಯಿತು. ಮುಖವಾಡ ಹಾಕಿದ್ದರೆ ಅದು ನಾಟಕ. ಅದನ್ನು ಹಣೆಗೆ ಏರಿಸಿದರೆ ಅಲೆಮಾರಿ ನಟ, ಅವನ ಮಾತಿಗೆ ಅವನೇ ಹೊಣೆ, ಬೇಕಾದರೆ ಬಂಧಿಸಿ. ಬೆರಳು ಮೇಲೆತ್ತಿದರೆ ನಿಜವಾದ ನಾನು. ಈ ಬೆರಳಿನ ಸನ್ನೆ ಇಲ್ಲಿನ ಲಾರ್ಪಿನವರಿಗೆ ಮೊದಲೇ ಗೊತ್ತು: ಪಾತ್ರ ಬಿಟ್ಟು ಮಾತಾಡುತ್ತಿದ್ದೇನೆ ಅಂತ. ಒಂದು ಸಾಲು ವಿವರಣೆ ಕೊಡದೆ ನೋಡುವವರಿಗೆ ಮೂರೂ ಪದರ ತಿಳಿಯಿತು.

ಅರ್ಧ ಮುಖವಾಡವೇ ಬೇಕು. ಹಣೆ, ಕಣ್ಣು, ಮೂಗು ಮುಚ್ಚಬೇಕು, ಬಾಯಿ ತೆರೆದಿರಬೇಕು. ಪೂರ್ತಿ ಮುಚ್ಚಿದರೆ ಬಯಲಿನಲ್ಲಿ ಹತ್ತನೇ ಸಾಲಿಗೂ ಮಾತು ಕೇಳುವುದಿಲ್ಲ. ಇಟಲಿಯ ಕಮೆಡಿಯಾ ದೆಲ್ಲಾರ್ತೆ ನಾಟಕದವರೂ ಹೆಚ್ಚಾಗಿ ಅರ್ಧದ್ದನ್ನೇ ಕಟ್ಟುತ್ತಿದ್ದರು. ಅವರದು ಚರ್ಮದ್ದು, ನಮ್ಮದು ಕಾಗದದ್ದು.

ಮುಖಕ್ಕೆ ಧಾರಾಳವಾಗಿ ವ್ಯಾಸಲೀನ್ ಹಚ್ಚಿ. ಹುಬ್ಬಿಗೆ ಇನ್ನೂ ಜಾಸ್ತಿ. ಪ್ಲಾಸ್ಟರ್ ಬ್ಯಾಂಡೇಜಿನ ಅಚ್ಚು ತೆಗೆಯಿರಿ, ಮೂಗಿನ ಹೊಳ್ಳೆ ಮುಚ್ಚಬೇಡಿ. ಅಚ್ಚಿನೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದರೆ ನಿಮ್ಮದೇ ಮುಖದ ಗಟ್ಟಿ ಪ್ರತಿ ಸಿಗುತ್ತದೆ. ಅದರ ಮೇಲೆ ಜೇಡಿಮಣ್ಣಿನಲ್ಲಿ ಮೂಗು, ಹುಬ್ಬು ಮೆತ್ತಿ. ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಮನೆಯಲ್ಲಿ ಅತಿಯಾಯಿತು ಅನ್ನಿಸುವ ಮೂಗು ಬಯಲಿನಲ್ಲಿ ಸರಿಯಾಗಿ ಕಾಣುತ್ತದೆ. ಮಣ್ಣಿನ ಮೇಲೂ ವ್ಯಾಸಲೀನ್ ಸವರಿ, ಕಾಗದದ ಚೂರುಗಳನ್ನು ಫೆವಿಕಾಲ್ ತರದ ಬಿಳಿ ಅಂಟಿನಲ್ಲಿ ಅದ್ದಿ ಅಂಟಿಸುತ್ತಾ ಹೋಗಿ. ಒಂದು ಪದರ ಪತ್ರಿಕೆ, ಒಂದು ಪದರ ಕಂದು ಕಾಗದ. ಬಣ್ಣ ಬೇರೆ ಇದ್ದರೆ ಎಲ್ಲಿ ಬಿಟ್ಟುಹೋಗಿದೆ ಅಂತ ಕಣ್ಣಿಗೆ ಕಾಣುತ್ತದೆ. ಆರೇಳು ಪದರ ಸಾಕು. ಎರಡೆರಡು ಪದರಕ್ಕೆ ಒಣಗಲು ಬಿಡಿ. ಇಲ್ಲಿನ ತೇವದ ಗಾಳಿಯಲ್ಲಿ ಅವಸರ ಮಾಡಿದರೆ ಒಳಗೆ ಬೂಸ್ಟು ಹಿಡಿಯುತ್ತದೆ.

ಕಣ್ಣಿನ ತೂತು ದೊಡ್ಡದಿರಲಿ. ಕೆಳಗಿನ ಅಂಚನ್ನು ಇನ್ನೂ ಸ್ವಲ್ಪ ಕತ್ತರಿಸಿ, ಕಾಲಡಿ ಕಾಣಬೇಕು. ಅಂಚಿಗೆ ಸ್ಯಾಂಡ್‌ಪೇಪರ್ ಹಾಕಿ, ಮೇಲೆ ತೆಳುವಾದ ಹತ್ತಿ ಬಟ್ಟೆ ಅಂಟಿಸಿದರೆ ಕೆನ್ನೆ ಉಜ್ಜುವುದಿಲ್ಲ. ಒಳಗೆ ಹಣೆಯ ಜಾಗಕ್ಕೆ ಫೋಮಿನ ತುಂಡು. ಹೊರಗೆ ಬಣ್ಣ, ಅದರ ಮೇಲೆ ಹೊಳಪಿಲ್ಲದ ವಾರ್ನಿಷ್. ಹೊಳೆಯುವ ವಾರ್ನಿಷ್ ಹಚ್ಚಿದರೆ ಎಲ್‌ಇಡಿ ಬೆಳಕಿಗೆ ಮೂಗು ಮಾತ್ರ ಮಿಂಚುತ್ತದೆ.

ಮಾತಿಲ್ಲದ ಕಥೆಯ ಹಲಗೆ

ಇಂಥ ನಾಟಕ ಹುಟ್ಟಿಸಿದ್ದು ನಾವಲ್ಲ. 1545ರಲ್ಲಿ ಇಟಲಿಯ ಪಡುವಾದಲ್ಲಿ ಎಂಟು ನಟರು ಒಂದು ಒಪ್ಪಂದ ಪತ್ರಕ್ಕೆ ಸಹಿ ಹಾಕಿದ್ದರು. ಕಮೆಡಿಯಾದ ಕಥೆ ಹೇಳುವವರು ಅಲ್ಲಿಂದಲೇ ಶುರು ಮಾಡುತ್ತಾರೆ. ಸಾಮಾನು ಹೊರಲು ಎಲ್ಲರ ದುಡ್ಡಿನಲ್ಲಿ ಒಂದು ಕುದುರೆ ಕೊಳ್ಳಬೇಕು ಅಂತಲೂ ಅದರಲ್ಲಿ ಇತ್ತು. ನಮ್ಮ ಪೆಟ್ರೋಲ್ ಲೆಕ್ಕದ ಪುಸ್ತಕದ ಮೇಲೆ ಈಗ ಕುದುರೆಯ ಚಿತ್ರ ಇದೆ. 1611ರಲ್ಲಿ ಫ್ಲಾಮಿನಿಯೊ ಸ್ಕಾಲಾ ಅನ್ನುವ ನಟ ಇಂಥ 50 ನಾಟಕಗಳನ್ನು ಅಚ್ಚು ಹಾಕಿಸಿದ. ಅದರಲ್ಲಿ ಸಂಭಾಷಣೆ ಇಲ್ಲ. ಯಾರು ಬರುತ್ತಾರೆ, ಏನು ಮಾಡುತ್ತಾರೆ, ಯಾವಾಗ ಹೋಗುತ್ತಾರೆ, ಅಷ್ಟೇ. ಉಳಿದದ್ದು ನಟರ ಬಾಯಿಗೆ ಬಿಟ್ಟದ್ದು.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ, ಅಲ್ವಾ? ಪ್ರಸಂಗದ ಪದ ಮೊದಲೇ ಇರುತ್ತದೆ. ಅರ್ಥ ಹೇಳುವವರು ಅಲ್ಲೇ ಕೂತು ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತು ಕೇಳಲು ಕಥೆ ಗೊತ್ತಿದ್ದವರೇ ಹೋಗುತ್ತಿದ್ದರು. ಗುಂಪಿನವರಿಗೆ ನಾನು ಹೇಳಿದ್ದು ಇದನ್ನೇ. ಗಟ್ಟಿ ಇರಬೇಕಾದ್ದು ಯಾವುದು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಉಳಿದದ್ದನ್ನು ಸಡಿಲ ಬಿಡಿ. ಎಲ್ಲವನ್ನೂ ಸಡಿಲ ಬಿಟ್ಟರೆ ನಟರು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಲ್ಲುತ್ತಾರೆ.

ನಮ್ಮ ಹಲಗೆ ಪರದೆಯ ಹಿಂದೆ, ಕಂಬಕ್ಕೆ ನೇತುಹಾಕಿದ್ದು. ಎ2 ಅಳತೆಯ ಪ್ಲೈವುಡ್, ಕಪ್ಪು ಬಣ್ಣ, ಸೀಮೆಸುಣ್ಣ. ಪಕ್ಕದಲ್ಲಿ ಒಂದು ಸಣ್ಣ ಕೆಂಪು ಲೈಟು. ಎಂಟು ಸಾಲು. ಪ್ರತಿ ಸಾಲಿನಲ್ಲೂ ಯಾರು ಬರಬೇಕು, ಅವರಿಗೆ ಏನು ಬೇಕು, ಹೋಗುವ ಮೊದಲು ನೋಡುವವರಿಗೆ ಯಾವ ವಿಷಯ ತಿಳಿದಿರಬೇಕು. ಉದಾಹರಣೆಗೆ ಮೂರನೇ ಸಾಲು: "ವ್ಯಾಪಾರಿ, ಆಳು. ವ್ಯಾಪಾರಿಗೆ ಪೆಟ್ಟಿಗೆ ಬಚ್ಚಿಡಬೇಕು. ಪೆಟ್ಟಿಗೆ ಖಾಲಿ ಅಂತ ಜನರಿಗೆ ಗೊತ್ತಾಗಬೇಕು, ವ್ಯಾಪಾರಿಗೆ ಗೊತ್ತಾಗಬಾರದು." ಆಮೇಲೆ ಯಾರು ಏನು ಬೇಕಾದರೂ ಮಾತಾಡಲಿ.

ಐದನೇ ಸಾಲು ಮಾತ್ರ ಖಾಲಿ. ಅಲ್ಲಿ ಬರೆಯುವುದು ಇವತ್ತಿನ ಸುದ್ದಿ. ಮಧ್ಯಾಹ್ನ ನಮ್ಮಲ್ಲೊಬ್ಬರು ಹೆಂಡದಂಗಡಿಯ ಡೇರೆಯಲ್ಲಿ ಸುಮ್ನೆ ಕೂತು ಕೇಳಿಸಿಕೊಳ್ಳುತ್ತಾರೆ. ಒಂದು ಸಲ ತೆರಿಗೆ ಹಣದ ಪೆಟ್ಟಿಗೆಯನ್ನು ಕಾಯುವ ದಳಪತಿಯೇ ಅದನ್ನು ಕಳೆದುಕೊಂಡಿದ್ದ. ಇಡೀ ಬಯಲು ಅದನ್ನೇ ಮಾತಾಡುತ್ತಿತ್ತು. ರಾತ್ರಿ ನಮ್ಮ ನಾಟಕದ ಬಡಾಯಿ ದಳಪತಿ ಅದೇ ಪೆಟ್ಟಿಗೆಯ ಮೇಲೆ ಕೂತು, ಅದು ಎಲ್ಲಿ ಹೋಯಿತು ಅಂತ ಒಬ್ಬೊಬ್ಬರನ್ನೇ ವಿಚಾರಣೆ ಮಾಡಿದ. ಜನ ಬಿದ್ದು ಬಿದ್ದು ನಕ್ಕರು. ಮರುದಿನ ಬೆಳಗ್ಗೆ ಆಟದ ದಳಪತಿ ನಮ್ಮ ಡೇರೆಗೆ ದ್ವಂದ್ವಯುದ್ಧದ ಓಲೆ ಕಳಿಸಿದ. ನಮಗೆ ಬೇಕಾಗಿದ್ದೂ ಅದೇ. ನಾಟಕ ಮುಗಿದ ಮೇಲೆ ಆಟ ಅಲ್ಲಿಂದ ಮುಂದೆ ಹೋಗಬೇಕು.

ಸುದ್ದಿ ಆರಿಸಲು ಕಟ್ಟುಪಾಡು ಇದೆ. ಎಲ್ಲರ ಎದುರು ನಡೆದದ್ದನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಡೇರೆಯ ಹಿಂದೆ ಕೇಳಿಸಿದ ಗುಟ್ಟು ಬೇಡ, ಅದು ಯಾರೋ ಕಷ್ಟಪಟ್ಟು ಹೆಣೆದ ಸಂಚು ಆಗಿರಬಹುದು. ಸಂಶಯ ಬಂದರೆ ರೆಫರಿಯನ್ನು ಕೇಳುತ್ತೇವೆ. ಗೇಲಿ ಮಾಡುವುದು ಪಾತ್ರವನ್ನು. ಆಡುವವರ ಮೈ, ಉಚ್ಚಾರ, ಅಗ್ಗದ ವೇಷ ಇದಾವುದರ ಸುದ್ದಿಗೂ ಹೋಗುವುದಿಲ್ಲ. ಒಬ್ಬರನ್ನೇ ಹಿಡಿದು ಆಡುವುದಿದ್ದರೆ ಮೊದಲೇ ಹೋಗಿ ಬೆರಳೆತ್ತಿ ಕೇಳುತ್ತೇವೆ. ಆ ದಳಪತಿ ಒಪ್ಪಿದ್ದಷ್ಟೇ ಅಲ್ಲ, ತನ್ನ ಟೋಪಿಯನ್ನೂ ಎರವಲು ಕೊಟ್ಟಿದ್ದ.

ಅಭ್ಯಾಸದಲ್ಲಿ ಮಾತು ಕಲಿಯುವುದಿಲ್ಲ. ಇಡೀ ನಾಟಕವನ್ನು ಮೂರು ನಿಮಿಷದಲ್ಲಿ, ಮಾತೇ ಆಡದೆ ಓಡಿಸುತ್ತೇವೆ. ಬರುವುದು ಹೋಗುವುದು ಕಾಲಿಗೆ ಗೊತ್ತಿದ್ದರೆ ಬಾಯಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ.

ನಿಲ್ಲಿಸುವವರು ಯಾರು

ಬಾಯಿಗೆ ಬಂದದ್ದು ಆಡುವ ನಾಟಕದ ರೋಗ ಎಂದರೆ ಮುಗಿಯದಿರುವುದು. ನಗು ಸಿಕ್ಕಿದ ನಟ ರಂಗ ಬಿಡುವುದಿಲ್ಲ. ಇದಕ್ಕೆ ಮದ್ದು ನನಗೆ ಗೊತ್ತಿತ್ತು. ತಾಳಮದ್ದಳೆಯಲ್ಲಿ ಅರ್ಥ ಉದ್ದವಾಯಿತು ಅನ್ನಿಸಿದರೆ ಭಾಗವತರು ಮುಂದಿನ ಪದ ಎತ್ತುತ್ತಾರೆ. ಪದ ಎತ್ತಿದ ಮೇಲೆ ಎಷ್ಟು ದೊಡ್ಡವರಾದರೂ ಮಾತು ನಿಲ್ಲಿಸಲೇಬೇಕು.

ಆ ಕೆಲಸ ನಾನು ತೆಗೆದುಕೊಂಡೆ. ಪಕ್ಕದಲ್ಲಿ ಸ್ಟೂಲು, ಕೈಯಲ್ಲಿ ಒಂದು ಡೋಲು. ಮೂರು ಪೆಟ್ಟು ಬಿದ್ದರೆ ಒಂದು ಸಾಲಿನಲ್ಲಿ ದೃಶ್ಯ ಮುಗಿಸಿ. ಹಾಡು ಶುರುವಾದರೆ ಬಾಯಿ ಮುಚ್ಚಿ. ಬಿಡದೆ ಒಂದೇ ಸಮನೆ ಬಡಿದರೆ ಉಳಿದದ್ದೆಲ್ಲ ಬಿಟ್ಟು ನೇರ ಎಂಟನೇ ಸಾಲಿಗೆ ಬನ್ನಿ: ಮಳೆ ಬಂದಿದೆ, ಇಲ್ಲವೇ ಬಯಲಿನ ಆಚೆ ಯುದ್ಧ ಶುರುವಾಗಿದೆ. ವ್ಯಾಪಾರಿಯ ಪಾತ್ರವನ್ನು ಗೆಳತಿಗೆ ಬಿಟ್ಟುಕೊಟ್ಟೆ, ಅವಳು ನನಗಿಂತ ಚೆನ್ನಾಗಿ ಜಿಪುಣತನ ಮಾಡುತ್ತಾಳೆ. ಗಂಟೆ ದಾಟುತ್ತಿದ್ದ ನಾಟಕ ನಲವತ್ತು ನಿಮಿಷಕ್ಕೆ ಇಳಿದದ್ದು ಈ ಡೋಲಿನಿಂದ.

ನೋಡುವವರು ಸುಮ್ಮನೆ ಕೂರುತ್ತಾರೆ ಅಂದುಕೊಳ್ಳಬೇಡಿ. ಅವರೂ ಪಾತ್ರದಲ್ಲೇ ಇರುತ್ತಾರೆ. ರಂಗದ ಮೇಲೆ ಆಳು ಸತ್ತು ಬಿದ್ದಾಗ ಒಬ್ಬಳು ವೈದ್ಯೆ ಚೀಲ ಹಿಡಿದು ನಿಜವಾಗಿ ಓಡಿಬಂದಳು. ಅವಳನ್ನು ತಡೆಯಲಿಲ್ಲ. ಹೆಣ ಒಂದು ಕಣ್ಣು ತೆರೆದು "ಫೀಸು ಎಷ್ಟು?" ಅಂತ ಕೇಳಿತು. ಅವಳು ಹೇಳಿದಳು. ಹೆಣ ಮತ್ತೆ ಕಣ್ಣು ಮುಚ್ಚಿತು. ಬರೆದು ಕೂತಿದ್ದರೆ ಇಂಥದ್ದು ಹೊಳೆಯುತ್ತಿತ್ತೇ? ಆದರೆ ಕತ್ತಿ ಹಿರಿದು ಬರುವವರ ವಿಷಯ ಬೇರೆ. ನೋಡುವವರ ನಡುವೆ ನಮ್ಮವನೊಬ್ಬ ಬಾಗಿಲು ಕಾಯುವವನಾಗಿ ನಿಂತಿರುತ್ತಾನೆ. "ಆಯುಧ ಇಲ್ಲಿ ಕೊಡಿ, ಒಳಗೆ ಬನ್ನಿ" ಅನ್ನುತ್ತಾನೆ. ಪಾತ್ರ ಬಿಡದೆ ಕೆಲಸ ಆಗುತ್ತದೆ. ಆಗದಿದ್ದರೆ ಬೆರಳು ಮೇಲೆ.

ರಿಪೇರಿ ಪಟ್ಟಿ

ಹುಲ್ಲಿನಲ್ಲಿ ಬಿದ್ದ ರೆಕ್ಕೆ ನಟ್ ಮತ್ತೆ ಸಿಗುವುದಿಲ್ಲ. ಈಗ ಪ್ರತಿಯೊಂದಕ್ಕೂ ದಾರ ಕಟ್ಟಿ ಪಟ್ಟಿಗೇ ಬಿಗಿದಿದ್ದೇವೆ, ಹಳದಿ ಬಣ್ಣವನ್ನೂ ಬಳಿದಿದ್ದೇವೆ. ಪ್ಲೈವುಡ್ ಪಟ್ಟಿಗಳ ಅಂಚು ನೀರು ಕುಡಿದು ಉಬ್ಬಿತ್ತು. ಉಜ್ಜಿ ಒಣಗಿಸಿ, ಅಂಚಿಗೆ ಎರಡು ಸಲ ವಾರ್ನಿಷ್ ಹಚ್ಚಿದೆವು. ಪರದೆಯನ್ನು ಒದ್ದೆಯಲ್ಲೇ ಮಡಚಿ ಮನೆಗೆ ತಂದರೆ ಅದೇ ದಿನ ಬಿಚ್ಚಿ ಹರವಲೇಬೇಕು, ಜಾಗ ಇಲ್ಲದಿದ್ದರೆ ಬಾತ್‌ರೂಮಿನಲ್ಲಿ. ದಳಪತಿಯ ಮುಖವಾಡದ ಮೂಗು ಮುರಿದಿತ್ತು. ಒಳಗಿನಿಂದ ಕಂದು ಕಾಗದ, ಅಂಟು, ಮೇಲೆ ಬಣ್ಣ. ಸೊಟ್ಟಗೆ ಕೂತಿತು. ಹಾಗೇ ಬಿಟ್ಟೆವು, ಯುದ್ಧದಲ್ಲಿ ಆದದ್ದು ಅಂತ ಅವನು ಹೇಳಿಕೊಳ್ಳಲಿ.

ಡಚೆಸ್ ಕಡೆಯಿಂದ ಮುದ್ರೆ ಒತ್ತಿದ ಆಜ್ಞೆಯೊಂದು ಬಂದಿದೆ. ಇನ್ನು ಮುಂದೆ ನಾಟಕದ ಮಾತುಗಳನ್ನು ಬರೆದು ಅವಳ ಅಧಿಕಾರಿಗೆ ತೋರಿಸಿ, ಒಪ್ಪಿಗೆ ಪಡೆದು ಆಡಬೇಕಂತೆ. ಬರೆದ ಮಾತು ನಮ್ಮ ಹತ್ತಿರ ಒಂದೂ ಇಲ್ಲ. ಖಾಲಿ ಕಾಗದದ ಕಟ್ಟಿಗೆ ಕೆಂಪು ದಾರ ಸುತ್ತಿ ಕಳಿಸುವುದು ಅಂತ ತೀರ್ಮಾನವಾಗಿದೆ. ಹೊಸ ಮುಖವಾಡದ ಮಣ್ಣಿನ ಕೆಲಸವೂ ಶುರುವಾಗಿದೆ: ಒಪ್ಪಿಗೆ ಕೊಡುವ ಅಧಿಕಾರಿಯದು. ಹುಬ್ಬು ದಪ್ಪ ಇರಲಿ ಅಂತ ನಾನು, ಮೂಗಿನ ಮೇಲೆ ಮುದ್ರೆ ಕೆತ್ತೋಣ ಅಂತ ವ್ಯಾಪಾರಿ.